ನೀಲಿ ಚುಕ್ಕಿ ಕುಡಿದ ನೀರು

ಹೆಂಡತಿಯ ತಮ್ಮ ಮರಿಬಸಪ್ಪನ ಕೈಗಡಿಯಾರವನ್ನು ಉಜ್ಜಿನಪ್ಪ ಇಂದಿಗೂ ಕ್ಷಮಿಸಿಲ್ಲ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಬಳ್ಳಾರಿಯ ಹತ್ತಿ ಜಿನ್ನಿನ ಕೆಲಸ ಬಿಟ್ಟು, ಭತ್ತ ಬೆಳೆಯುತ್ತೇನೆಂದು ದೇಶನೂರಿಗೆ ಬಂದರೆ, ಇಬ್ಬರ ಗದ್ದೆಗೂ ಕಾಲುವೆಯ ಒಂದೇ ತೂಬು. ಹೊತ್ತು ಮುಳುಗಿದ ಮೇಲೆ ಮೊದಲ ಸರದಿ ಉಜ್ಜಿನಪ್ಪನದು, ಆಮೇಲೆ ಬೆಳಗಿನ ತನಕ ಮರಿಬಸಪ್ಪನದು. ಆದರೆ ಸರದಿ ಬದಲಿಸುವ ಹೊತ್ತು ಹೇಳುತ್ತಿದ್ದುದು ಆ ಗಡಿಯಾರ! ತನ್ನ ಒಡೆಯನ ಗದ್ದೆ ಒಣಗಿದಷ್ಟೂ ಅದು ಜೋರಾಗಿ ಓಡುತ್ತಿತ್ತು.

"ನಿನ್ನ ಗಡಿಯಾರಕ್ಕ ನೀನು ಕೀಲಿ ಕೊಡ್ತಿ. ಆಕಾಶಕ್ಕ ಯಾವನು ಕೊಡ್ತಾನಲೇ?" ಎಂದು ಉಜ್ಜಿನಪ್ಪ ಊರಕಟ್ಟೆಯ ಮೇಲೆ ಗುಡುಗಿದ. ಮೂಡಲಲ್ಲಿ ಸಾಲು ಹಿಡಿದ ಮೂರು ಚುಕ್ಕಿಗಳ ಬಲಕ್ಕೆ ಹೊಳೆಯುವ ನೀಲಿ ಚುಕ್ಕಿ ಹುಣಸೆ ಮರದ ನೆತ್ತಿ ದಾಟುವವರೆಗೆ ನೀರು ತನ್ನದು, ಪೈರು ಕೊಯ್ಯುವ ತನಕ ಇದೇ ಕರಾರು ಎಂದು ಕೊರಳಿನ ಲಿಂಗ ಮುಟ್ಟಿ ಸಾರಿದ.

"ಆತು ಮಾವಾ," ಎಂದ ಮರಿಬಸಪ್ಪ.

ಜಗಳವಿಲ್ಲ, ಚೌಕಾಸಿಯಿಲ್ಲ! ಉಜ್ಜಿನಪ್ಪನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಮೊದಮೊದಲು ಚುಕ್ಕಿ ಸಾವಕಾಶ ಬರುತ್ತಿತ್ತು. ಉಂಡು, ಎಲೆಅಡಿಕೆ ಹಾಕಿ, ಹೆಂಡತಿಯೊಂದಿಗೆ ಒಂದು ಜಗಳ ಮುಗಿಸಿದರೂ ಅದರ ಸುಳಿವಿಲ್ಲ. ದೀಪಾವಳಿಯ ಹೊತ್ತಿಗೆ ಜಗಳಕ್ಕೆ ಪುರುಸೊತ್ತು ಸಿಗದಾಯಿತು. ಆಮೇಲೆ ಬಾಯಲ್ಲಿ ರೊಟ್ಟಿ ಇರುವಾಗಲೇ ಚುಕ್ಕಿ ಹಾಜರ್! ಭತ್ತಕ್ಕೋ ಹಾಲು ತುಂಬುವ ಹೊತ್ತು. ನೀರು ತಪ್ಪಿದರೆ ಬರೀ ಜೊಳ್ಳು.

"ನಿನ್ನ ತಮ್ಮ ಹುಣಸಿ ಮರದ ತುದಿ ಕಡಿಸ್ಯಾನ!"

"ಮರ ಇದ್ದಂಗ ಐತಿ. ತಲಿ ಯಾರದು ಕೆಟ್ಟೈತಿ ನೋಡ್ಕೊಳ್ರಿ," ಎಂದಳು ವೀರಭದ್ರಮ್ಮ.

"ನೀನೂ ಅವನ ಪಾರ್ಟಿ!"

ಮರುದಿನ ಏಣಿ ಹಾಕಿ, ಮರದ ನೆತ್ತಿಗೆ ಹುಲ್ಲಿನ ಹೊರೆ ಕಟ್ಟಿ ಎತ್ತರ ಮಾಡಿದ. ಇಳಿಯುವಾಗ ಧೋತರ ಕೊಂಬೆಗೆ ಸಿಕ್ಕು ಅಲ್ಲೇ ಉಳಿಯಿತು. ಸಂಜೆ ಚುಕ್ಕಿ ಹೊರೆಯನ್ನು ಬಿಟ್ಟು ಧೋತರದ ಪಕ್ಕದಿಂದ ಇಣುಕಿತು, ಊರೆಲ್ಲ ನೋಡುತ್ತಿರುವಾಗ!

ಉರಿದುಹೋದ ಉಜ್ಜಿನಪ್ಪ, ಕುರುಗೋಡಿನವರಾದ ಸಾಲಿ ಮಾಸ್ತರ ಕೊಟ್ಟೂರಪ್ಪನವರನ್ನು ಪಂಚಾಯ್ತಿಗೆಂದು ಎಳೆತಂದ.

"ಅದು ಸೂರ್ಯನಕಿಂತ ಎಷ್ಟೋ ಪಟ್ಟು ದೊಡ್ಡದು ಉಜ್ಜಿನಪ್ಪ. ಕಾವು ಹೆಚ್ಚಾಗಿ ನೀಲಿ ಉರೀತೈತಿ. ಬೆಳಕಂತೂ ಸಾವಿರಾರು ಸೂರ್ಯರದು," ಎಂದರು ಮಾಸ್ತರರು.

"ಅಷ್ಟು ಕಾವಿದ್ರ ಬಾಯಾರ್ಕಿ ಆಗಾಂಗಿಲ್ಲೇನ್ರಿ? ಅದಕ್ಕ ನನ್ನ ನೀರು ಕುಡ್ಯಾಕ ಹತ್ತೈತಿ!"

"ಎಲ್ಲಾ ಚುಕ್ಕಿನೂ ದಿನಾ ಒಂಚೂರು ಜಲ್ದಿ ಮೂಡ್ತಾವಪಾ. ಹೊಲದಾಗ ಬೆಳದೋರಿಗೆಲ್ಲಾ ಗೊತ್ತಿರೋ ಮಾತು."

ಈ ಮಾಸ್ತರರೂ ಆ ಕಡೆಯವರೇ ಎಂದುಕೊಳ್ಳುವಷ್ಟರಲ್ಲಿ ಉಜ್ಜಿನಪ್ಪನಿಗೆ ಆ 'ಆತು ಮಾವಾ'ದ ಗುಟ್ಟು ಹೊಳೆಯಿತು. ಮರಿಬಸಪ್ಪ ಹುಟ್ಟಿದ್ದೂ ಬೆಳೆದಿದ್ದೂ ಹೊಲದಲ್ಲೇ!

ಕಾರ್ತೀಕ ಮುಗಿಯುವ ಹೊತ್ತಿಗೆ ಕತ್ತಲಾಗುವುದೂ ಚುಕ್ಕಿ ಮರ ದಾಟಿರುವುದೂ ಒಂದೇ ಆಗಿ, ಸರದಿ ಪೂರ್ತಿ ಖಲಾಸ್.

"ನನ್ನ ನೀರು ವಾಪಸ್ ಕೊಡಲೇ!"

"ನಾ ಎಲ್ಲಿ ತಗೊಂಡೆ ಮಾವಾ? ಚುಕ್ಕಿ ತಗೊಂತು. ಲಿಂಗ ಮುಟ್ಟಿದೋರು ನೀವು."

ಅರ್ಧ ಭತ್ತ ಜೊಳ್ಳಾಯಿತು. ಈಗಲೂ ಚುಕ್ಕಿ ಕಂಡರೆ ಸಾಕು, ಉಜ್ಜಿನಪ್ಪ ಮಾಳಿಗೆ ಹತ್ತಿ ಬೈಯುತ್ತಾನೆ. ಕೆಳಗಿನಿಂದ ವೀರಭದ್ರಮ್ಮ ಕೂಗುತ್ತಾಳೆ:

"ಮಂದಿ ಸಾಲಗಾರರು ಮಾರಿ ತಪ್ಪಿಸಿ ಓಡ್ಯಾಡ್ತಾರ. ನಿಮ್ಮ ಸಾಲಗಾರ ದಿನಾ ಮನಿ ಮುಂದ ಬರ್ತಾನ, ಅದೂ ನಿನ್ನಿಗಿಂತ ಇವತ್ತು ಜಲ್ದಿ! ಇನ್ನೇನು ಬೇಕ್ರಿ?"

ಬರುವುದೇನೋ ಬರುತ್ತದೆ. ನೀರು ವಾಪಸ್ ಕೊಡುವ ಮಾತು ಮಾತ್ರ ಎತ್ತುವುದಿಲ್ಲ.