ರೋಹಿಣಿಗೆ ಎರಡು ಗುಂಡು

ಉತ್ತಯ್ಯ ತನ್ನ ಸೋದರತ್ತೆ ಬೋಜಮ್ಮನಿಗೆ ಒಂದು ಸಾವು ಬಾಕಿ ಇಟ್ಟುಕೊಂಡಿದ್ದಾನೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬಾಕಿ, ಇವತ್ತಿಗೂ ತೀರಿಲ್ಲ.

ಆ ವರ್ಷ ರಷ್ಯಾದವರು ಆಕಾಶಕ್ಕೆ ಗೋಲ ಹಾರಿಸಿದ್ದರು. ಶ್ರೀಮಂಗಲದ ಉತ್ತಯ್ಯ ಸುಮ್ಮನಿರುತ್ತಾನೆಯೇ? "ಈ ಹುತ್ತರಿ ಹಬ್ಬಕ್ಕೆ ಕದಿರು ಕೊಯ್ಯುವ ಗಳಿಗೆಯನ್ನು ಯಾವ ಜೋಯಿಸನೂ ಹೇಳಬೇಕಾಗಿಲ್ಲ. ರೋಹಿಣಿ ನಕ್ಷತ್ರ ಎಷ್ಟು ಮೇಲೇರಿದೆ ಅಂತ ನಾನೇ ಅಳೆದು ಸಾರುತ್ತೇನೆ!" ಎಂದು ಸಂತೆಯಲ್ಲಿ ಘೋಷಿಸಿಬಿಟ್ಟ.

ಯಂತ್ರ ಸಿದ್ಧವಾಯಿತು. ರೊಟ್ಟಿ ಮಣೆಯನ್ನು ಕಾಲುಭಾಗಕ್ಕೆ ಕೊಯ್ದು, ಅಂಚಿಗೆ ಸೊನ್ನೆಯಿಂದ ತೊಂಬತ್ತರವರೆಗೆ ಗೆರೆ ಕೊರೆದ. ನಕ್ಷತ್ರಕ್ಕೆ ಗುರಿ ಹಿಡಿಯಲು ನೆಟ್ಟಗಿನ ಕೊಳವೆ ಬೇಕಲ್ಲ? ಜೋಡುನಳಿಗೆ ಕೋವಿಗಿಂತ ನೆಟ್ಟಗಿನದು ಕೊಡಗಿನಲ್ಲಿ ಏನಿದೆ! ಮಣೆಯನ್ನು ಅದರ ಪಕ್ಕಕ್ಕೆ ಬಿಗಿದ. ನಳಿಗೆ ಎತ್ತಿದಷ್ಟೂ ತೂಗುದಾರ ಗೆರೆಗಳ ಮೇಲೆ ಸರಿಯಬೇಕು. ಅದೇ ನಕ್ಷತ್ರದ ಎತ್ತರ. ದಾರ ಕಟ್ಟಲು ಕೊಕ್ಕೆ? ಟ್ರಿಗರ್ ಎರಡಿವೆಯಲ್ಲ! ಎರಡಕ್ಕೂ ಸೇರಿಸಿಯೇ ಕಟ್ಟಿದ.

"ನನ್ನ ರೊಟ್ಟಿ ಮಣೆ ಎಲ್ಲಿ?" ಎಂದಳು ಹೆಂಡತಿ ಪೂವಮ್ಮ.

"ವಿಜ್ಞಾನಕ್ಕೆ ಹೋಯ್ತು."

"ಹಾಗಾದ್ರೆ ರೊಟ್ಟಿಯನ್ನೂ ವಿಜ್ಞಾನವೇ ತಟ್ಟಿಕೊಡ್ಲಿ. ಕೋವಿ ಖಾಲಿ ತಾನೇ?"

"ಖಾಲಿ ಮಾರಾಯ್ತಿ!"

ಹುತ್ತರಿಯ ಹಿಂದಿನ ದಿನ ಮುಸ್ಸಂಜೆಗೆ ಗುಡ್ಡದ ಮೇಲೆ ರೋಹಿಣಿ ಕೆಂಪಗೆ ಎದ್ದಿತು. ಗಾಳಿಗೆ ದಾರ ಓಲಾಡಿತು. "ತೂಕ ಸಾಲದು!" ಎಂದ ಉತ್ತಯ್ಯ ಬೋಜಮ್ಮನ ಎಲೆಯಡಿಕೆಯ ಕಬ್ಬಿಣದ ಕುಟ್ಟಾಣಿಯನ್ನೇ ತಂದು ನೇತುಹಾಕಿ ಕೈಬಿಟ್ಟ.

ಢಂ! ಢಂ!

ಗದ್ದೆಗೆ ಬರುವ ಹಂದಿಗೆಂದು ತಾನೇ ತುಂಬಿ ಮರೆತಿದ್ದ ತೋಟಾಗಳು! ರೋಹಿಣಿಗೆ ಏನೂ ಆಗಲಿಲ್ಲ. ಊರಿಗೆ ಆಯಿತು. ಕೊಡಗಿನಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಬೆನ್ನಿಗೊಂದು, ಎರಡು!

ಆ ಮನೆಯಲ್ಲಿ ಸಾಯುವ ವಯಸ್ಸು ಬೋಜಮ್ಮನದು ಮಾತ್ರ. ಊರಿಗೆ ಊರೇ ಒಲೆ ಬಿಟ್ಟು ಓಡಿಬಂತು. ನೆರೆಮನೆಯ ಸಾಂತಪ್ಪ ಚಟ್ಟಕ್ಕೆ ಬಿದಿರನ್ನೂ ಕಡಿದು ತಂದ. ಹೆಂಗಸರು ಅಂಗಳದಲ್ಲೇ ಗೋಳೋ ಎಂದರು. ಅಳು ಕೇಳಿ ಒಳಗಿನಿಂದ ಬಂದ ಮುದುಕಿಯೂ ಅವರ ನಡುವೆ ಕೂತು, ಸೆರಗು ಬಾಯಿಗಿಟ್ಟು, ಮನಸಾರೆ ಅತ್ತು, ಆಮೇಲೆ ಕೇಳಿದಳು: "ಪಾಪ, ಯಾರು ಹೋದದ್ದು?"

ಸಾಂತಪ್ಪನ ಕೈಯಿಂದ ಬಿದಿರು ಬಿತ್ತು. "ನೀವೇ, ಬೋಜಕ್ಕ!"

ವಿಷಯ ತಿಳಿದ ಊರು ಹೊಟ್ಟೆ ಹಿಡಿದು ನಕ್ಕಿತು. ಬೋಜಮ್ಮ ನಗಲಿಲ್ಲ.

"ಏ ಉತ್ತ, ನಾಳೆ ನಾನು ನಿಜಕ್ಕೂ ಸತ್ತು, ನೀನು ಎರಡು ಹೊಡೆದರೆ ಯಾರು ಬರ್ತಾರೆ? 'ಉತ್ತಯ್ಯ ನಕ್ಷತ್ರ ಅಳೀತಿದ್ದಾನೆ' ಅಂತ ಮಗ್ಗುಲು ಬದಲಿಸ್ತಾರೆ! ನನ್ನನ್ನು ಹೊರೋದು ನಿನ್ನ ರೋಹಿಣಿಯಾ?"

ಅಂದಿನಿಂದ ಉತ್ತಯ್ಯ ಸಿಕ್ಕಸಿಕ್ಕವರ ಕೈ ಹಿಡಿದು ಮಾತು ತೆಗೆದುಕೊಳ್ಳುತ್ತಿದ್ದಾನೆ. ಓದುಗರೇ, ನಿಮ್ಮನ್ನೂ ಬಿಡುವುದಿಲ್ಲ. ಆ ಗುಡ್ಡದಿಂದ ಎರಡು ಗುಂಡು ಕೇಳಿದರೆ ಕುಡಿಯುತ್ತಿರುವ ಕಾಪಿ ಅಲ್ಲೇ ಇಟ್ಟು, ನಗದೆ, ಹೆಗಲು ಕೊಡಲು ಬರುತ್ತೀರೋ ಇಲ್ಲವೋ? ಈಗಲೇ ಬಾಯಿಬಿಟ್ಟು ಹೇಳಿ. ಮುದುಕಿ ಕೇಳಿಸಿಕೊಳ್ಳುತ್ತಿದ್ದಾಳೆ!