ಎರಡು ವಿಸಿಲ್ ಹೊಡೆದರೆ ಓಟ

ನನ್ನ ಮಾವ ಜೀವಮಾನದಲ್ಲಿ ಒಂದು ಸಲವೂ ಫುಟ್ಬಾಲನ್ನು ಒದ್ದವರಲ್ಲ. ಆದರೂ ನಮ್ಮ ಹೈಸ್ಕೂಲಿನ ಒಂದು ಫುಟ್ಬಾಲ್ ಆಯ್ಕೆಯನ್ನು ಮಣ್ಣುಪಾಲು ಮಾಡಿದ ಕೀರ್ತಿ ಪೂರ್ತಿಯಾಗಿ ಅವರದು! ಅದೂ ಹೇಗೆ ಅಂತೀರಿ? ಮೈದಾನದ ಗೆರೆ ದಾಟದೆ, ಚೆಂಡು ಮುಟ್ಟದೆ, ಬರೀ ಬಾಯಿಯಿಂದ.

ಮಾವ ಎಂದರೆ ಅಮ್ಮನ ತಮ್ಮ. ಎಪ್ಪತ್ತರ ದಶಕದಲ್ಲಿ ಉಡುಪಿ–ಕಾಪು ನಡುವೆ ಓಡುವ ಸರ್ವಿಸ್ ಬಸ್ಸಿನ ಕಂಡಕ್ಟರ್. ನಮ್ಮ ಕಡೆಯ ಬಸ್ಸುಗಳಲ್ಲಿ ಕಂಡಕ್ಟರನ ಕೊರಳಲ್ಲಿ ಒಂದು ವಿಸಿಲ್ ನೇತಾಡುತ್ತಿರುತ್ತದೆ. ಒಂದು ಸಲ ಊದಿದರೆ ಡ್ರೈವರ್ ನಿಲ್ಲಿಸಬೇಕು, ಎರಡು ಸಲ ಊದಿದರೆ ಬಿಡಬೇಕು. ಉಳಿದ ಕಂಡಕ್ಟರುಗಳು ಸಂಜೆ ಈ ವಿಸಿಲನ್ನು ಗೋಡೆಯ ಮೊಳೆಗೆ ತೂಗುಹಾಕಿ ಮನುಷ್ಯರಾಗುತ್ತಿದ್ದರು. ಮಾವ ಆಗುತ್ತಿರಲಿಲ್ಲ.

ಮದುವೆ ಊಟಕ್ಕೆ ಹೋದರೆ ಚಪ್ಪರದ ಬಾಗಿಲಲ್ಲಿ ನಿಂತು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಖಾಲಿ ಉಂಟು" ಎಂದು ನೆಂಟರನ್ನು ಎಲೆಯ ಸಾಲಿಗೆ ನೂಕುತ್ತಿದ್ದರು. ತಾವೇ ಹೆಣ್ಣು ನೋಡಲು ಹೋದ ದಿನ, ಹುಡುಗಿ ಕಾಫಿ ತಟ್ಟೆ ಹಿಡಿದು ಎದುರು ಬಂದು ನಿಂತಾಗ, ಅಭ್ಯಾಸಬಲದಿಂದ ಕೇಳಿದ ಮೊದಲ ಪ್ರಶ್ನೆ: "ಎಲ್ಲಿಗೆ?" ಹುಡುಗಿ ತಟ್ಟೆ ಕೆಳಗಿಟ್ಟು, "ಎಲ್ಲಿಗೂ ಇಲ್ಲ, ಇದು ನನ್ನ ಮನೆ" ಎಂದಳಂತೆ. ಅವರೇ ಈಗ ನನ್ನ ಅತ್ತೆ! ಈ ದೃಶ್ಯ ನನಗೆ ಕಣ್ಣಿಗೆ ಕಟ್ಟಿದಂತಿದೆ, ತಟ್ಟೆಯಲ್ಲಿ ಎಷ್ಟು ಲೋಟವಿತ್ತು ಎಂದೂ ಹೇಳಬಲ್ಲೆ. ಆದರೆ ಲೆಕ್ಕ ಹಾಕಿದರೆ ಆಗ ನನಗೆ ಮೂರು ವರ್ಷ, ಮತ್ತು ನಾನು ಅಲ್ಲಿಗೆ ಹೋಗಿರಲೇ ಇಲ್ಲ! ನನ್ನ ನೆನಪಿನ ಯೋಗ್ಯತೆ ಇಷ್ಟು.

ಅಜ್ಜನ ಅಂತ್ಯಯಾತ್ರೆಗೆ ಮಾತ್ರ ನಾನು ಖಂಡಿತ ಇದ್ದೆ. ಚಟ್ಟವನ್ನು ಹೆಗಲಿಗೇರಿಸಿದ ನಾಲ್ವರು ಅಂಗಳದಲ್ಲಿ ಯಾರಿಗೋ ಕಾಯುತ್ತಾ ನಿಂತಿದ್ದರು. ಯಾರೂ ಹೊರಡಿ ಎನ್ನುತ್ತಿಲ್ಲ. ಆಗ ಹಿಂದಿನಿಂದ ಕೇಳಿತು ನೋಡಿ, ಪೀಂ ಪೀಂ! ಅಳುತ್ತಿದ್ದವರ ಅಳು ಗಂಟಲಲ್ಲೇ ನಿಂತಿತು. ಅಮ್ಮ ಬೆಚ್ಚಿಬಿದ್ದು ತಮ್ಮನನ್ನು ನೋಡಿದಳು. ಚಟ್ಟ ಮಾತ್ರ ಹೊರಟೇಬಿಟ್ಟಿತು.

ಇಂಥ ಮಹಾನುಭಾವರು ನನಗೆ ಫುಟ್ಬಾಲ್ ಕಲಿಸಲು ಹೊರಟರು. ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಪ್ರತಿ ವರ್ಷ ಕಾರ್ಕಳದಲ್ಲಿ ಹೈಸ್ಕೂಲುಗಳ ಪಂದ್ಯಾಟ. ಕಾಪುವಿನ ನಮ್ಮ ಶಾಲೆಯಿಂದ ತಂಡ ಹೋಗುವುದಿತ್ತು. ನನಗೆ ಆ ತಂಡದಲ್ಲಿ ಸೇರುವುದು ಬಿಟ್ಟರೆ ಜಗತ್ತಿನಲ್ಲಿ ಬೇರೆ ಏನೂ ಬೇಡವಾಗಿತ್ತು. ಅನ್ನ ಬೇಡ, ಪರೀಕ್ಷೆಯಂತೂ ಬೇಡವೇ ಬೇಡ. ಅಪ್ಪ ಬೈದರು. ಪಕ್ಕದ ಮನೆಯಲ್ಲೇ ಇದ್ದ ಈ ಮಾವ ಬೇಲಿಯಾಚೆಯಿಂದ, "ಆಯ್ಕೆಗೆ ಒಂದು ತಿಂಗಳು ಉಂಟಲ್ಲ ಅಳಿಯ, ಹೆದರಬೇಡ. ನಾನಿದ್ದೇನೆ" ಎಂದರು. ಹೆದರಬೇಕಾದದ್ದು ಅದಕ್ಕೇ ಎಂದು ನನಗೆ ಹೊಳೆಯಬೇಡವೇ?

ಬಸ್ಸಿನ ಹಳೆಯ ಟ್ಯೂಬನ್ನು ಸೀಳಿ, ಸುತ್ತಿ, ಮಾವ ಒಂದು ಚೆಂಡು ಮಾಡಿದರು. ಅದನ್ನು ಒದ್ದರೆ ಚೆಂಡಿಗಿಂತ ಮೊದಲು ಹೆಬ್ಬೆರಳು ಹಾರುತ್ತಿತ್ತು. ರಜಾದಿನಗಳಲ್ಲಿ ನನ್ನನ್ನು ಬಸ್ಸಿಗೆ ಹತ್ತಿಸಿ, ಎಲ್ಲೂ ಕೈ ಹಿಡಿಯದೆ ಉಡುಪಿಯವರೆಗೆ ನಿಲ್ಲಿಸಿದರು. "ನಮ್ಮ ಬಸ್ಸಿನಲ್ಲಿ ಬೀಳದೆ ನಿಂತವನನ್ನು ಎದುರು ತಂಡದ ಯಾವ ಬ್ಯಾಕ್ ಬೀಳಿಸುತ್ತಾನೆ ಮಾರಾಯ?" ಎಂದು ವಾದ. ಅದರಲ್ಲಿ ಸತ್ಯವಿತ್ತು. ನಾನು ಬಿದ್ದದ್ದು ಹನ್ನೊಂದು ಸಲ, ಅದರಲ್ಲಿ ಎರಡು ಸಲ ಮೀನಿನ ಬುಟ್ಟಿಯ ಮೇಲೆ! ದಿನಾ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಗದ್ದೆಯಲ್ಲಿ ಓಟ. ಎರಡು ವಿಸಿಲ್ ಊದಿದರೆ ಓಡಬೇಕು, ಒಂದು ಊದಿದರೆ ಇದ್ದಲ್ಲೇ ನಿಲ್ಲಬೇಕು. ತಿಂಗಳು ಮುಗಿಯುವಾಗ ನನ್ನ ಕಾಲುಗಳು ನನ್ನ ಮಾತು ಕೇಳುವುದನ್ನೇ ಬಿಟ್ಟಿದ್ದವು.

ಆಯ್ಕೆಯ ಸಂಜೆ. ಮೈದಾನ ಹೆದ್ದಾರಿಯ ಪಕ್ಕದಲ್ಲೇ. ಪಿ.ಟಿ. ಮಾಸ್ಟ್ರು ನಮ್ಮನ್ನು ಎರಡು ಗುಂಪು ಮಾಡಿ, ಚೆಂಡು ನಡುವೆ ಇಟ್ಟು, ಊದಿದರು. ಒಂದೇ ವಿಸಿಲ್. ಇಪ್ಪತ್ತೊಂದು ಹುಡುಗರು ಓಡಿದರು. ನಾನು ನಿಂತೆ.

ಇದು ಆಟದ ವಿಸಿಲ್, ಓಡಬೇಕು ಎಂದು ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ! ಹೇಗೋ ಎಳೆದುಕೊಂಡು ಹೊರಟೆ. ಫೌಲ್ ಆಯಿತು, ಮಾಸ್ಟ್ರು ಎರಡು ಸಲ ಊದಿದರು. ಎಲ್ಲರೂ ನಿಂತರು, ನಾನು ಒಬ್ಬನೇ ಕುದುರೆಯಂತೆ ಓಡಿದೆ.

"ಎಂತ ಮಾರಾಯ, ತಲೆ ಸರಿ ಉಂಟಾ?" ಮಾಸ್ಟ್ರು ಕೂಗಿದರು. "ಹೊರಗೆ ನಡಿ!"

ಆಗಲೇ ನಾನು ರಸ್ತೆಯ ಕಡೆ ನೋಡಿದ್ದು. ಮಾವನ ಬಸ್ಸು! ಸ್ಟಾಪಲ್ಲದ ಜಾಗದಲ್ಲಿ, ಜನ ತುಂಬಿಕೊಂಡು, ಆಯ್ಕೆ ನೋಡಲೆಂದೇ ನಿಂತಿದೆ! ಕಿಟಕಿಯಿಂದ ಒಬ್ಬ ಬ್ಯಾರಿ ವ್ಯಾಪಾರಿ ಕೇಳುತ್ತಿದ್ದಾರೆ: "ಕಂಡಕ್ಟ್ರೇ, ನಾವು ಉಡುಪಿಗೆ ಹೋಗುವುದು ಉಂಟಾ, ಇಲ್ಲ ಇಲ್ಲಿಯೇ ಮನೆ ಕಟ್ಟುವುದಾ?" ಅದು ಮಾವನ ಕಿವಿಗೆ ಬಿದ್ದರಲ್ಲವೇ? ಚರ್ಮದ ಚೀಲ ಬಡಿದುಕೊಳ್ಳುತ್ತಾ ಅವರು ಮೈದಾನಕ್ಕೆ ಓಡಿ ಬರುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಮಾಸ್ಟ್ರೇ, ತಪ್ಪು ಹುಡುಗನದ್ದಲ್ಲ, ನನ್ನದು. ಬಿಡುವಾಗ ಎರಡು ಊದಿ, ಅವ ಹೋಗ್ತಾನೆ."

"ನೀವು ಯಾರು?"

"ಅವನ ಮಾವ. ಒಂದು ಊದಿದರೆ ಅವ ನಿಲ್ಲಲೇಬೇಕು. ಒಂದು ತಿಂಗಳ ಟ್ರೈನಿಂಗ್ ಉಂಟು."

"ಇದು ಫುಟ್ಬಾಲ್ ಮಾರಾಯ್ರೇ, ಬಸ್ ಸ್ಟ್ಯಾಂಡ್ ಅಲ್ಲ!"

ಅಷ್ಟರಲ್ಲಿ ಅರ್ಧ ಬಸ್ಸು ಇಳಿದು ಗೆರೆಯ ಪಕ್ಕ ಬಂದು ನಿಂತಿತ್ತು. ಮೀನಿನ ಬುಟ್ಟಿಯ ಹೆಂಗಸೊಬ್ಬಳು, "ಒಂದು ಸಲ ಎರಡು ಊದಿದರೆ ನಿಮ್ಮ ಗಂಟು ಹೋಗುತ್ತದಾ ಮಾಸ್ಟ್ರೇ?" ಎಂದು ಗದರಿದಳು. ಮಾಸ್ಟ್ರು ದಂಗಾಗಿ, "ಆಯ್ತು, ಐದು ನಿಮಿಷ. ನೀವೇ ಊದಿ ಸಾಯಿರಿ" ಎಂದರು.

ಪೀಂ ಪೀಂ!

ನಾನು ಹೊರಟೆ. ಹಾಗೆ ನಾನು ಅದರ ಮೊದಲೂ ಓಡಿಲ್ಲ, ಆಮೇಲೂ ಓಡಿಲ್ಲ. ಒಬ್ಬನನ್ನು ದಾಟಿದೆ, ಇನ್ನೊಬ್ಬನನ್ನು ದಾಟಿದೆ. ಗೋಲ್ ಕೀಪರ್ ಮುಂದೆ ನುಗ್ಗಿ ಜಾರಿ ಬಿದ್ದ. ಎದುರಿಗೆ ಖಾಲಿ ಗೋಲು, ಕಾಲಲ್ಲಿ ಚೆಂಡು!

ಅದೇ ಹೊತ್ತಿಗೆ, ರಸ್ತೆಯಲ್ಲಿ ಲಾರಿಗೆ ದಾರಿ ಕೊಡಲು ನಮ್ಮ ಡ್ರೈವರ್ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದ. ಹಿಂದೆ ಚರಂಡಿ. ಬಸ್ಸಿನಲ್ಲಿ ಇನ್ನೂ ಅರ್ಧ ಜನ. ಚಕ್ರ ಅಂಚಿಗೆ ಬಂದದ್ದನ್ನು ಕಂಡವರು ಮಾವ ಒಬ್ಬರೇ. ಅವರು ಏನು ಮಾಡಬೇಕಿತ್ತು, ನೀವೇ ಹೇಳಿ!

ಪೀಂ.

ಬಸ್ಸು ಚರಂಡಿಗೆ ಒಂದು ಮೊಳ ಇರುವಾಗ ನಿಂತಿತು. ನಾನು ಗೋಲಿಗೆ ಒಂದು ಮೊಳ ಇರುವಾಗ ನಿಂತೆ.

ನನ್ನ ಆ ದಿನದ ಡೈರಿಯಲ್ಲಿ ಒಂದೇ ಸಾಲು ಇದೆ: "ಇನ್ನು ಮಾವನ ಹತ್ತಿರ ಮಾತಿಲ್ಲ." ಎರಡು ವಾರ ಮಾತು ಬಿಟ್ಟಿದ್ದೆ. ಆ ಎರಡು ವಾರವೂ ಅವರು ಹಗಲಿಡೀ ಮನೆಯಲ್ಲೇ ಇದ್ದುದು ನನಗೆ ಇನ್ನಷ್ಟು ಕೋಪ ತರಿಸಿತ್ತು. ಟೈಮಿಗೆ ಬಸ್ಸು ಮುಟ್ಟಿಸದಿದ್ದುದಕ್ಕೆ ಬಸ್ಸಿನ ಧಣಿಗಳು ಅವರನ್ನು ಎರಡು ವಾರ ಕೆಲಸದಿಂದ ಇಳಿಸಿದ್ದರು ಎಂದು ಅತ್ತೆ ಹೇಳಿದ್ದು ಎಷ್ಟೋ ಕಾಲದ ಮೇಲೆ.

ಮರುವರ್ಷ ಆಯ್ಕೆಯ ಹೊತ್ತಿಗೆ ಮಾವ ಮೈದಾನದ ಕಡೆ ತಲೆಯನ್ನೂ ಹಾಕಲಿಲ್ಲ. ನಾನು ತಂಡ ಸೇರಿದೆ. ಕಾರ್ಕಳಕ್ಕೆ ಬನ್ನಿ ಎಂದು ನಾನಾಗಿಯೇ ಕರೆದೆ. "ಡ್ಯೂಟಿ ಉಂಟು ಮಾರಾಯ" ಎಂದರು. ಪಂದ್ಯ ಮುಗಿಸಿ ಬಂದವನು ಅವರ ಜಗಲಿಯಲ್ಲಿ ಕುಳಿತು ಇಡೀ ಕತೆ ಹೇಳಿದೆ: ಮೂರು–ಒಂದರಿಂದ ಸೋತೆವು, ಆ ಒಂದು ಗೋಲು ನನ್ನದು! ಮಾವ ಬೆರಗಾಗಿ, "ಹೌದಾ! ಎಡಗಾಲಲ್ಲಾ? ಮತ್ತೆ?" ಎಂದು ಕೇಳಿದರು. ಡೈರಿಯಲ್ಲೂ ಹಾಗೆಯೇ ಬರೆದಿದ್ದೇನೆ.

ಮುಂದೆ ನಾನು ಮಣಿಪಾಲದಲ್ಲಿ ಓದುತ್ತಿದ್ದಾಗ, ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಆ ಹಳೆಯ ಡ್ರೈವರ್ ಸಿಕ್ಕಿದ. ಚಹಾ ಕುಡಿಯುತ್ತಾ ನಕ್ಕ: "ನಿಮ್ಮ ಕಾರ್ಕಳದ ಮ್ಯಾಚಿಗೆ ನಾವಿಬ್ಬರೂ ರಜೆ ಹಾಕಿ ಬಂದಿದ್ದೆವು, ಗೊತ್ತುಂಟಾ? ನಾನು ಕಂಪೌಂಡಿನ ಮೇಲೆ ಕೂತು ನೋಡುವುದು, ನಿಮ್ಮ ಮಾವ ಹೊರಗೆ ಗೋಡೆಗೆ ಬೆನ್ನು ಹಾಕಿ ನಿಂತದ್ದು. ಎಲ್ಲಿ ವಿಸಿಲ್ ಊದಿಬಿಡುತ್ತೇನೋ ಎಂದು ಬಾಯಿಗೆ ಹೆಗಲ ಮೇಲಿನ ಬೈರಾಸು ತುರುಕಿಕೊಂಡು! ನನ್ನನ್ನು ಕಂಡರೆ ಹುಡುಗನ ಕಾಲು ಕಟ್ಟುತ್ತದೆ, ನೀನು ನೋಡಿ ಹೇಳು ಅಂತ. ಅಯ್ಯೋ, ಮೂರು–ಸೊನ್ನೆಗೆ ಮ್ಯಾಚು ಮುಗಿದಾಗ ಅವರ ಮುಖ ನೋಡಬೇಕಿತ್ತು."

ಮೂರು–ಸೊನ್ನೆ! ನಾನು ಗೋಲು ಹೊಡೆದೇ ಇರಲಿಲ್ಲ. ಸುಳ್ಳು ಹೇಳಿ, ಸುಳ್ಳು ಬರೆದು, ಓದಿ ಓದಿ ನಾನೇ ನಂಬಿದ್ದೆ. ಮಾವನಿಗೆ ಮಾತ್ರ ಆ ಸಂಜೆಯೇ ಎಲ್ಲ ಗೊತ್ತಿತ್ತು.

ನೇರ ಅವರ ಮನೆಗೆ ಹೋದೆ. "ಮಾವ, ನೀವು ಅವತ್ತು ಕಾರ್ಕಳಕ್ಕೆ ಬಂದಿದ್ದಿರಾ?"

"ಎಲ್ಲಿ? ಡ್ಯೂಟಿ ಇತ್ತಲ್ಲ ಮಾರಾಯ" ಎಂದರು ಮಾವ. ಒಳಗೆ ತಿರುಗಿ ಅತ್ತೆಯನ್ನು ಕರೆದರು. "ಆ ಗೋಲಿನದ್ದು ಇನ್ನೊಂದು ಸಲ ಹೇಳು ಅಳಿಯ. ಇವಳು ಅವತ್ತು ಅಡುಗೆಮನೆಯಲ್ಲಿದ್ದಳು, ಸರಿಯಾಗಿ ಕೇಳಲಿಲ್ಲ."