ಬೀಳದವರನ್ನು ಹುಡುಕುತ್ತಿದ್ದ ಅಣ್ಣ

ನನ್ನ ಅಣ್ಣ ಅರ್ಧ ಆಯುಷ್ಯವನ್ನು ಸಾಯದವರ ಹೆಣ ಹುಡುಕುವುದರಲ್ಲೇ ಕಳೆದ. ನಂಬುತ್ತೀರಾ? ತದಡಿ ಬಂದರಿನಿಂದ ಭಟ್ಕಳಕ್ಕೆ ಮೀನಿನ ಟೆಂಪೋ ಓಡಿಸುತ್ತಿದ್ದ ಅವನು ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಬಿಟ್ಟು!

ಒಂದು ಸೋಮವಾರ ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಮಟೆಯಿಂದ ಹೊನ್ನಾವರಕ್ಕೆ ಅರ್ಧ ಗಂಟೆಯಲ್ಲಿ ಮುಟ್ಟಿಸಿದ. ಅದರಲ್ಲೇನು ದೊಡ್ಡಸ್ತಿಕೆ, ಬಸ್ಸೂ ಮುಟ್ಟಿಸುತ್ತದೆ ಎನ್ನುತ್ತೀರಿ. ನೀವು ಅಣ್ಣನ ಗಾಡಿ ಹತ್ತಿದವರಲ್ಲ, ಅದಕ್ಕೇ ಹಾಗನ್ನುತ್ತೀರಿ.

ಗಾಡಿ ಹೊಂಡಕ್ಕಿಳಿದು ದಡ್ ಎಂದರೆ ನಮಗೆ ಅದು ಹೊಂಡ. ಅವನಿಗೆ ಅದು ಒಬ್ಬ ಮನುಷ್ಯ! ಯಾರಿಗೋ ಹೊಡೆದುಬಿಟ್ಟೆ, ಅವರು ರಸ್ತೆ ಬದಿಯಲ್ಲಿ ಬಿದ್ದು ನರಳುತ್ತಿದ್ದಾರೆ ಎಂಬ ಅನುಮಾನ. ಹಿಂದಿರುಗಿ ನೋಡದೆ ಮುಂದೆ ಹೋಗಲಾರ. ಹೆದ್ದಾರಿ ಅಗಲವಾಗುವ ಮೊದಲು ತಿರುಗುವುದಾದರೂ ಸುಲಭವಿತ್ತು. ನಡುವೆ ಡಿವೈಡರ್ ಬಂದ ಮೇಲೆ ಎಲ್ಲೋ ಮುಂದೆ ಹೋಗಿ ತಿರುಗಿ, ಹಿಂದೆ ಬಂದು, ಮತ್ತೆ ತಿರುಗಿ ಅದೇ ಜಾಗಕ್ಕೆ ಬರಬೇಕು. ಬಂದರೆ ಅಲ್ಲೇನಿದೆ? ಅದೇ ಹೊಂಡ. ಮತ್ತೆ ದಡ್! ಈಗ ಇನ್ನೊಬ್ಬ ಸತ್ತ!

ತದಡಿಯಲ್ಲಿ ಮೀನು ಕಳಿಸುತ್ತಿದ್ದ ಹೆಂಗಸೊಬ್ಬಳು ಒಮ್ಮೆ ಕೇಳಿದಳಂತೆ: "ತಮಾ, ಬಂಗಡೆ ಜೊತೆ ಉಪ್ಪೂ ಹಾಕಿ ಕೊಡ್ಲಾ? ನೀ ಭಟ್ಕಳ ಮುಟ್ಟೂದ್ರೊಳಗೆ ಒಣಮೀನಾದ್ರೂ ಆಗ್ತದೆ!"

ಇನ್ನೊಮ್ಮೆ ಮಿರ್ಜಾನದ ಹತ್ತಿರ ಕೋಲು ಹಿಡಿದು ರಸ್ತೆ ಬದಿಯ ಪೊದೆ ಕೆದಕುತ್ತಿದ್ದಾಗ ಪೊಲೀಸರು ಬಂದರು.

"ಎಂತ ಹುಡುಕ್ತಿದ್ದೆ?"

"ನಾ ಹೊಡ್ದ ಮನುಷ್ಯನ್ನ, ಸಾರ್."

ಇನ್ನೇನು ಬೇಕು? ಠಾಣೆಗೆ ಕರೆದುಕೊಂಡು ಹೋದರು. ಎಲ್ಲ ಕಡೆ ವಿಚಾರಿಸಿ, ಎಲ್ಲೂ ಅಪಘಾತವೇ ಆಗಿಲ್ಲ ಎಂದು ಗೊತ್ತಾದ ಮೇಲೆ ಬೈದು ಕಳಿಸಿದರು. ಅಣ್ಣ ಅಷ್ಟು ಖುಷಿಯಿಂದ ಮನೆಗೆ ಬಂದದ್ದನ್ನು ನಾನು ನೋಡಿರಲಿಲ್ಲ. "ಪೊಲೀಸರೇ ಹೇಳಿದ್ರು ತಂಗಿ, ಯಾರೂ ಬೀಳ್ಲಿಲ್ಲ!" ಮರುದಿನ ಆ ಖುಷಿ ಮಿರ್ಜಾನ ದಾಟಲಿಲ್ಲ.

ಮೊಬೈಲ್ ಬಂದ ಮೇಲೆ ನನಗೂ ಕೆಲಸ ಸಿಕ್ಕಿತು. ಮಾವಳ್ಳಿಯಿಂದ ಫೋನು: "ತಂಗಿ, ನಾ ಯಾರಿಗೂ ಹೊಡೀಲಿಲ್ಲ ಅಲ್ದಾ?" "ಇಲ್ಲ ಅಣ್ಣ." ಕುಮಟೆಯ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ನಾನು ಮಾವಳ್ಳಿಯ ರಸ್ತೆಗೆ ಕಣ್ಣಾರೆ ಕಂಡ ಸಾಕ್ಷಿ!

ಹರಕೆ ಆಯಿತು, ನಿಂಬೆಹಣ್ಣು ಆಯಿತು. ಕೊನೆಗೆ ಹೊನ್ನಾವರದಲ್ಲಿ ಮನೋವೈದ್ಯರಿಗೆ ತೋರಿಸಿದೆವು. ಇದು ಹುಚ್ಚಲ್ಲ, ಗೀಳು ಕಾಯಿಲೆ ಎಂದು ಹೇಳಿ ಮಾತ್ರೆ ಕೊಟ್ಟರು. ಜೊತೆಗೆ ಅಲ್ಲಿಯೇ ಕೂರುವ ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಆ ಮೇಡಂ ಅಣ್ಣನಿಗೆ ಹೇಳಿದರು: "ದಡ್ ಅಂದ್ರೂ ಗಾಡಿ ತಿರುಗಿಸಬೇಡಿ. ಹೆದರಿಕೆ ಏರ್ತದೆ, ಏರಲಿ. ನೀವು ಹೋಗಿ ನೋಡದಿದ್ರೂ ತಾನಾಗೇ ಇಳೀತದೆ."

ಸಮುದ್ರದ ಬದಿಯಲ್ಲಿ ಹುಟ್ಟಿದವನು ಬಿಟ್ಟಾನೆಯೇ? "ಇಳಿತ ಎಷ್ಟೊತ್ತಿಗೆ, ಮೇಡಂ?" ಎಂದ.

ಅವರು ನಕ್ಕು ನನ್ನ ಕಡೆ ತಿರುಗಿದರು. "ಅವರು ಕೇಳಿದಾಗ ನೀವು 'ಇಲ್ಲ' ಅಂತೀರಲ್ಲ, ಆ ಸಮಾಧಾನವೇ ಗೀಳಿಗೆ ಊಟ. ಇನ್ನು 'ಗೊತ್ತಿಲ್ಲ' ಅನ್ನಿ."

ಕೇಳಲು ಎಷ್ಟು ಸುಲಭ! ಒಡಹುಟ್ಟಿದವನು ಬೆವರುತ್ತಾ ಕೇಳುವಾಗ ಹಾಗೆಂದು ನೋಡಿ!

ಮೊದಲು ತದಡಿಯಿಂದ ಮಿರ್ಜಾನದವರೆಗೆ ತಿರುಗದೆ ಬರುವುದು, ಆಮೇಲೆ ಕುಮಟೆಯವರೆಗೆ, ಆಮೇಲೆ ಹೊನ್ನಾವರ, ಕೊನೆಗೆ ಭಟ್ಕಳ. ಮಿರ್ಜಾನಕ್ಕೇ ಒಂದು ಮಳೆಗಾಲ ಹಿಡಿಯಿತು. ಬೇರೆಯವರು ಕಾಶಿಗೆ ಹೋಗಬೇಕು ಎನ್ನುವ ಹಾಗೆ ಅಣ್ಣ ಹೇಳುತ್ತಿದ್ದ: "ಒಂದ್ ಸಲ ಭಟ್ಕಳಕ್ಕೆ ನೆಟ್ಟಗೆ ಹೋಗ್ಬೇಕು ತಂಗಿ."

ನಾನು ಪಕ್ಕದಲ್ಲಿ ಕೂತ ಆ ಸೋಮವಾರ ಹೊನ್ನಾವರದ ಸರದಿ. ಹಳದೀಪುರದ ಹತ್ತಿರ ದಡ್ ಎಂದಿತು.

"ಎಂತದು ಅದು?"

"ಗೊತ್ತಿಲ್ಲ ಅಣ್ಣ."

"ಯಾರಾದ್ರೂ ಬಿದ್ರಾ?"

"ಗೊತ್ತಿಲ್ಲ."

"ನೀ ನನ್ನ ತಂಗಿಯಾ, ಸಿಐಡಿಯಾ?"

ತಿರುಗುವ ಜಾಗ ಬಂತು. ಗಾಡಿ ನಿಧಾನವಾಯಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ, 'ಇಲ್ಲ' ಎಂದುಬಿಡುತ್ತೇನೇನೋ ಎಂದು. ಅಣ್ಣ ಆ ಜಾಗವನ್ನು ಒಮ್ಮೆ ನೋಡಿದ. ಗೇರು ಬದಲಿಸಿದ. ನೆಟ್ಟಗೆ ಹೋದ.

ಹೊನ್ನಾವರದಲ್ಲಿ ಇಳಿದಾಗ ಅವನ ಅಂಗಿ ಹಿಂಡಿದರೆ ನೀರು ಬರುವ ಹಾಗಿತ್ತು. ಹೋಟೆಲಿನಲ್ಲಿ ಕೂತು ಬನ್ಸ್ ತಿಂದ, ಮತ್ತೆ ತರಿಸಿ ತಿಂದ. ಚಾ ಕುಡಿಯುವ ಹೊತ್ತಿಗೆ ಮುಖ ತಿಳಿಯಾಗಿತ್ತು. "ಬಿದ್ದಿದ್ರೂ ಇಷ್ಟೊತ್ತಿಗೆ ಎದ್ದು ಮನೆಗೆ ಹೋಗಿರ್ತಾರೆ ಬಿಡು" ಎಂದ! ತನ್ನ ಗೀಳನ್ನು ತಾನೇ ನಗೆ ಮಾಡಿದ್ದು ಅದೇ ಮೊದಲು. ನಾವಿಬ್ಬರೂ ನಕ್ಕ ನಗೆಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಆತು, ಬರೂ ಸೋಮವಾರ ಭಟ್ಕಳ" ಎಂದು ಎದ್ದ.

ಆ ಶುಕ್ರವಾರ ತದಡಿಯಲ್ಲಿ ಗಾಡಿಗೆ ಮೀನು ಏರಿಸುತ್ತಿದ್ದ ಅಣ್ಣ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ನಾನು ಒಬ್ಬಳೇ ಹೊನ್ನಾವರಕ್ಕೆ ಹೋಗಿ ಮೇಡಂಗೆ ತಿಳಿಸಿದೆ. ಅವರು ಮೆಲ್ಲಗೆ, "ಎಲ್ಲಿಯವರೆಗೆ ಬಂದಿದ್ರು?" ಎಂದು ಕೇಳಿದರು.

"ಹೊನ್ನಾವರದವರೆಗೆ" ಎಂದೆ. "ಒಂದು ಸಲವೂ ತಿರುಗಲಿಲ್ಲ."

ಭಟ್ಕಳ ಬಾಕಿ ಉಳಿಯಿತು.